ತಡವರಿಸುವ ಕಾರಿನ ಡಾಕ್ಟರು

ಬೆಳಿಗ್ಗೆ ಹಾಲು ಕಾಯಿಸಿದೆ. ದೋಸೆಗೆ ಅಕ್ಕಿ, ಉದ್ದು ನೆನೆಹಾಕಿದೆ. ಅತ್ತೆಗೆ ಬಿ.ಪಿ. ಮಾತ್ರೆ ಕೊಟ್ಟು, ನುಂಗಿದರೋ ಇಲ್ಲವೋ ಎಂದು ನಿಂತು ನೋಡಿದೆ. ಗ್ಯಾಸಿನವನು ಬಂದ, ಸಿಲಿಂಡರಿನ ಸೀಲು ನೋಡಿ ಒಳಗೆ ಉರುಳಿಸಿಕೊಂಡೆ. ನಮ್ಮವರ ಅಂಗಿಗೆ ಗುಂಡಿ ಹೊಲಿದೆ. ಉಪ್ಪಿನಕಾಯಿ ಜಾಡಿಯ ಬಟ್ಟೆ ಬಿಚ್ಚಿ, ಒಮ್ಮೆ ಸೌಟಾಡಿಸಿ, ಮತ್ತೆ ಕಟ್ಟಿದೆ. ಆಮೇಲೆ ಪಕ್ಕದ ಮನೆಗೆ ಹೋಗಿ ಸ್ಟೂಲು ಅಲುಗಾಡದಂತೆ ಹಿಡಿದುಕೊಂಡು ನಿಂತೆ. ಸ್ಟೂಲು ಹತ್ತಿದ್ದವರು ನಮ್ಮವರು. ಅವರು ಬಿಚ್ಚುತ್ತಿದ್ದದ್ದು ಹೋಮಿಯೋಪಥಿ ಡಾಕ್ಟರ ಬೋರ್ಡು.

ಡಾಕ್ಟರು ತೀರಿಕೊಂಡು ಕೆಲವು ತಿಂಗಳಾದರೂ ಬೋರ್ಡು ಹಾಗೇ ಇತ್ತು. ಅದನ್ನು ನೋಡಿ ಗೇಟು ತೆಗೆದು ಬರುವವರಿಗೆಲ್ಲ ಅವರ ಹೆಂಡತಿ ವಿಷಯ ಹೇಳಿ, ಕೂರಿಸಿ, ಕಾಫಿ ಕೊಟ್ಟು, ಅವರು ಕಣ್ಣೊರೆಸಿಕೊಂಡರೆ ಸಮಾಧಾನ ಮಾಡಿ ಕಳಿಸಬೇಕಾಗಿತ್ತು. ಶಿವಮೊಗ್ಗದ ವಿನೋಬನಗರದ ನಮ್ಮ ಅಡ್ಡರಸ್ತೆಗೆಲ್ಲ ಅವರು ಅಕ್ಕ. "ನಂಗೆ ಸಾಕಾಯ್ತು ಮಾರಾಯ್ತಿ. ಗಂಡನ್ನ ಕಳ್ಕೊಂಡೋಳೂ ನಾನೇ, ಬಂದೋರಿಗೆ ಧೈರ್ಯ ಹೇಳೋಳೂ ನಾನೇ" ಎಂದು ನಿನ್ನೆ ಅಂದರು. ಅದಕ್ಕೇ ಇವತ್ತು ಬೋರ್ಡು ಇಳಿಸಿದ್ದು.

ಡಾಕ್ಟರದು ಉದ್ದನೆಯ ಸಣಕಲು ದೇಹ. ಪ್ಯಾಂಟನ್ನು ಹೊಕ್ಕುಳಿಗಿಂತ ಮೇಲೆ ಬಿಗಿಯುತ್ತಿದ್ದರು. ಬೇರೆಯವರ ಜೇಬಿನಲ್ಲಿ ಪೆನ್ನು ಇರುವ ಜಾಗದಲ್ಲಿ ಅವರಿಗೆ ಔಷಧಿಯ ಹನಿ ಬಿಡುವ ಡ್ರಾಪರು ಇರುತ್ತಿತ್ತು. ನೆಗಡಿ ಎಂದು ಹೋದರೆ ಮೂಗಿನ ಸುದ್ದಿಗೇ ಬರುತ್ತಿರಲಿಲ್ಲ. ಯಾವ ಮಗ್ಗುಲಿಗೆ ಮಲಗ್ತೀರಿ, ಗುಡುಗಿಗೆ ಹೆದರ್ತೀರಾ, ಸಿಟ್ಟು ಬಂದರೆ ಹಸಿವಾಗುತ್ತೋ ಬಿಡುತ್ತೋ, ಕನಸಿನಲ್ಲಿ ನೀರು ಕಾಣುತ್ತಾ ಎಂದು ಕೇಳುತ್ತಿದ್ದರು. ಕುಂಸಿಯಿಂದ ಬಂದ ರೈತರೊಬ್ಬರು ಕಾಲಿನ ಕುರು ತೋರಿಸಲು ಬಂದು, ತಮ್ಮ ಷಡ್ಡಕನ ಮೇಲಿದ್ದ ಸಿಟ್ಟನ್ನೆಲ್ಲ ಹೇಳಿಕೊಂಡು, ಹಗುರಾಗಿ, ಕುರು ತೋರಿಸುವುದನ್ನೇ ಮರೆತು ಹೋದರಂತೆ. ಇಷ್ಟೆಲ್ಲ ಕೇಳಿದ ಮೇಲೆ ಕೊಡುತ್ತಿದ್ದದ್ದು ನಾಲ್ಕು ಗುಳಿಗೆ. ಇಲ್ಲವೆ ನಾಲ್ಕು ಹನಿ. ಯಾರಾದರೂ ಇನ್ನಷ್ಟು ಕೊಡಿ ಎಂದರೆ, "ಜಾಸ್ತಿ ಕೊಟ್ರೆ ದೇಹ ಹೆದರ್ಕೊಳ್ಳುತ್ತಮ್ಮ. ಕಡಿಮೆ ಕೊಟ್ರೆ ಅದಕ್ಕೇ ಅನುಮಾನ ಬಂದು ಕೆಲಸ ಶುರು ಮಾಡುತ್ತೆ" ಎನ್ನುತ್ತಿದ್ದರು.

ಈ ಮನುಷ್ಯನ ಮನೆಗೆ ಕಾರು ಬಂದದ್ದು ಚಿಕ್ಕಮಗಳೂರು ಕಡೆಯ ಕಾಫಿ ತೋಟದವರೊಬ್ಬರ ಉಬ್ಬಸ ಕಡಿಮೆಯಾದ ಖುಷಿಗೆ. ಇಂಗ್ಲೆಂಡಿನ ಹಳೇ ಸ್ಪೋರ್ಟ್ಸ್ ಕಾರು. ಕಡು ಹಸಿರು ಬಣ್ಣ, ಎರಡೇ ಸೀಟು, ಮೇಲೆ ಸೂರಿಲ್ಲ. ಅದರಲ್ಲಿ ಕೂತರೆ ನೆಲಕ್ಕೆ ಎಷ್ಟು ಹತ್ತಿರವೆಂದರೆ, ರಸ್ತೆಯ ನಾಯಿಗಳು ನಮ್ಮ ಮುಖಕ್ಕೆ ಮುಖ ಕೊಟ್ಟು ನೋಡುತ್ತಿದ್ದವು. ಆಟೋದವರು ಬಗ್ಗಿ ನೋಡಿ ಒಳಗೆ ಯಾರಾದರೂ ಇದ್ದಾರೆಯೇ ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದರು.

ಕಾರಿಗೊಂದು ಕಾಯಿಲೆ ಇತ್ತು. ನಿಂತಲ್ಲಿ ಚೆನ್ನಾಗಿ ಗುರುಗುಡುತ್ತಿತ್ತು. ಓಡುವಾಗಲೂ ತಕರಾರಿಲ್ಲ. ಆದರೆ ಆಕ್ಸಿಲರೇಟರ್ ತುಳಿದ ಕೂಡಲೇ ಉಸಿರು ಹಿಡಿದು, ಉಗುಳು ನುಂಗಿ, ಹೋಗಲೋ ಬೇಡವೋ ಎಂದು ಯೋಚಿಸಿ, ಆಮೇಲೆ ಒಮ್ಮೆಲೇ ಜಗ್ಗಿಕೊಂಡು ಹೊರಡುತ್ತಿತ್ತು. ಕೆಲವು ಸಲ ಯೋಚನೆ ಮಾಡುತ್ತಲೇ ಆರಿಹೋಗುತ್ತಿತ್ತು.

ಹಾಗೆ ಆರಿಹೋದ ಒಂದು ಸಲದಿಂದ ಇಷ್ಟೆಲ್ಲ ಆಯಿತು. ಅಕ್ಕನ ತಂಗಿಯ ಮನೆ ಭದ್ರಾವತಿಯ ಓಲ್ಡ್ ಟೌನಿನಲ್ಲಿದೆ. ಆ ತಂಗಿಯ ಮಗನ ಮದುವೆ. ವರನ ಮೆರವಣಿಗೆ ಮುಂದೆ, ಬ್ಯಾಂಡಿನವರು ಅದರ ಹಿಂದೆ, ಅವರ ಹಿಂದೆ ಡಾಕ್ಟರ ಕಾರು. ಎಡಗಡೆ ರೇಷ್ಮೆ ಸೀರೆ, ಮೊಳದುದ್ದ ಮಲ್ಲಿಗೆಯ ಅಕ್ಕ. ಸರ್ಕಲ್ಲಿನಲ್ಲಿ ಪೊಲೀಸಿನವರು ಕೈ ಅಡ್ಡ ಹಿಡಿದು, ಮೆರವಣಿಗೆ ದಾಟಿದ ಮೇಲೆ ಕೈ ಇಳಿಸಿದರು. ಡಾಕ್ಟರು ತುಳಿದರು. ಕಾರು ಯೋಚಿಸಿತು, ನಿಂತಿತು. ಹಿಂದಿನ ಲಾರಿಗಳ ಹಾರನ್ನು ಕೇಳಿ ಬ್ಯಾಂಡಿನ ನಾಲ್ಕೈದು ಜನ ವಾಪಸು ಬಂದು ಕಾರನ್ನು ತಳ್ಳತೊಡಗಿದರು. ಉಳಿದವರಿಗೆ ಸುಮ್ಮನೆ ನಡೆದು ಅಭ್ಯಾಸವಿಲ್ಲವಲ್ಲ, ಬಾರಿಸುತ್ತಾ ಬಂದರು. ಸೂರಿಲ್ಲದ ಕಾರು, ಒಳಗೆ ಅಲಂಕಾರವಾದ ವಯಸ್ಸಾದ ದಂಪತಿ, ಸುತ್ತ ವಾದ್ಯ. ರಸ್ತೆಯವರೆಲ್ಲ ಇದು ಅರವತ್ತರ ಶಾಂತಿಯ ಮೆರವಣಿಗೆ ಎಂದುಕೊಂಡರು. ಯಾವುದೋ ಮನೆಯ ಮುದುಕಿ ಆರತಿ ತಟ್ಟೆ ಹಿಡಿದು ಬಂದು, ಕಾರು ನಿಲ್ಲಿಸಿ ಬೆಳಗಿ, ಮಕ್ಕಳೆಲ್ಲ ಬಂದಿದ್ದಾರಾ ಎಂದು ವಿಚಾರಿಸಿತಂತೆ. ಛತ್ರ ಮುಟ್ಟುವವರೆಗೆ ಅಕ್ಕ ಕೈಮುಗಿದುಕೊಂಡು ನಗುತ್ತಲೇ ಇರಬೇಕಾಯಿತು. ಛತ್ರದಲ್ಲಿ ಇಳಿದ ಮೇಲೆ ಮೆಲ್ಲಗೆ ಹೇಳಿದರು: "ಇದು ತಡವರಿಸೋದು ನಿಲ್ಲೋವರೆಗೂ ನಾನಿದರಲ್ಲಿ ಕೂರಲ್ಲ."

ಅಕ್ಕ ಗಟ್ಟಿಯಾಗಿ ಹೇಳಿದ್ದನ್ನು ಸಂಜೆಯೊಳಗೆ ಮರೆಯುತ್ತಾರೆ. ಮೆಲ್ಲಗೆ ಹೇಳಿದ್ದನ್ನು ಮರೆಯುವುದಿಲ್ಲ.

ಅಂದಿನಿಂದ ಇಬ್ಬರೂ ಬೇರೆಬೇರೆಯಾಗಿ ಭದ್ರಾವತಿಗೆ ಹೋಗತೊಡಗಿದರು. ಒಂದೇ ಮನೆಯಿಂದ ಒಂದೇ ಹೊತ್ತಿಗೆ ಹೊರಟು, ಒಂದೇ ಮನೆಯ ಊಟಕ್ಕೆ. ಅವರು ಕಾರಿನಲ್ಲಿ, ಇವರು ಬಸ್ಸಿನಲ್ಲಿ. ದಾರಿಯಲ್ಲಿ ಬಸ್ಸು ಕಾರನ್ನು ಹಿಂದೆ ಹಾಕುವಾಗ ಕಿಟಕಿಯಿಂದ ಕೆಳಗೆ ನೋಡಿದರೆ ಗಂಡನ ಬೋಳುತಲೆ ಕಾಣುತ್ತಿತ್ತೆಂದು ಅಕ್ಕ ಹೇಳುತ್ತಿದ್ದರು. ಕಂಡಕ್ಟರಿಗೂ ಅಭ್ಯಾಸವಾಗಿ, "ಅಮ್ಮಾ, ಯಜಮಾನ್ರು ಬರ್ತಾ ಇದಾರೆ, ಪರವಾಗಿಲ್ಲ" ಎಂದು ವರದಿ ಕೊಡುತ್ತಿದ್ದ. ಒಮ್ಮೆ ಮಳೆ ಬಂದಾಗ ಅಕ್ಕ ಬಸ್ಸು ನಿಲ್ಲಿಸಿ ಕೊಡೆ ಇಳಿಸಿಕೊಟ್ಟು, ಮತ್ತೆ ಬಸ್ಸು ಹತ್ತಿದರಂತೆ.

ಡಾಕ್ಟರು ಕಾರಿನ ಚಿಕಿತ್ಸೆಯನ್ನು ತಮ್ಮ ಪದ್ಧತಿಯಲ್ಲೇ ಶುರುಮಾಡಿದರು. ಮೊದಲು ಲಕ್ಷಣ ತಿಳಿಯಬೇಕು. ಬೆಳಿಗ್ಗೆ ತಡವರಿಸುತ್ತದೋ, ಊಟದ ಮೇಲೋ? ಒಬ್ಬರೇ ಇದ್ದಾಗ ಜಾಸ್ತಿಯೋ, ಜೊತೆ ಇದ್ದಾಗಲೋ? ಜೊತೆ ಇದ್ದಾಗ ಜಾಸ್ತಿ ಎಂದು ಗೊತ್ತಾಯಿತು. ಆದರೆ ಜೊತೆಗೆ ಕೂರಬೇಕಾದವರು ಕೂರುವುದಿಲ್ಲ. ಮೊದಲು ಎಡ ಸೀಟಿನಲ್ಲಿ ಅಕ್ಕಿ ಮೂಟೆ ಇಟ್ಟು, ತೂಕ ಸಾಲದೆಂದು ಅದರ ಮೇಲೊಂದು ಕುಂಬಳಕಾಯಿ ಇಟ್ಟು ಓಡಿಸಿದರು. ಯಾರೋ ದೂರದಿಂದ ನೋಡಿದವರು, ಡಾಕ್ಟ್ರ ಮನೆಯವರು ಯಾಕೋ ಮಂಕಾಗಿ ಕೂತಿದ್ದರು ಎಂದು ಬಂದು ನಮ್ಮ ಅತ್ತೆಗೆ ಹೇಳಿದರು.

ಒಂದು ಮಧ್ಯಾಹ್ನ ಅಕ್ಕ ಕಾಂಪೌಂಡಿನ ಆಚೆಯಿಂದ ಕರೆದು, ಮುಖ ಬೇರೆ ಕಡೆ ತಿರುಗಿಸಿಕೊಂಡು, "ಡಾಕ್ಟ್ರು ಕೇಳ್ತಾ ಇದಾರೆ, ನೀನೊಂದು ರೌಂಡು ಕೂರಬಹುದಾ ಅಂತ. ನಮ್ಮಿಬ್ಬರದ್ದೂ ಒಂದೇ ತೂಕವಂತೆ" ಎಂದರು. ಕ್ಲಿನಿಕ್ಕಿನ ತೂಕದ ಯಂತ್ರ ಹತ್ತಿದ ಯಾರ ತೂಕವನ್ನೂ ಡಾಕ್ಟರು ಮರೆಯುತ್ತಿರಲಿಲ್ಲ. ನಾನು ನಮ್ಮವರನ್ನು ಕೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ, ಹೋಗಿ ಬಾ, ಬರುವಾಗ ಕರಿಬೇವು ತಾ ಎಂದರು.

ಹೀಗೆ ನಾನು ಆ ಕಾರಿನಲ್ಲಿ ಅಕ್ಕನ ಬದಲು ಕೂತು ಊರು ತಿರುಗಿದ್ದೇನೆ. ಕಣ್ಣು ಮುಚ್ಚಿಕೊಳ್ಳಿ ಎನ್ನುತ್ತಿದ್ದರು. ತುಳಿಯುತ್ತಿದ್ದರು. ಕಾರು ತಡವರಿಸುತ್ತಿತ್ತು. ಏನನ್ನಿಸಿತು ಎಂದು ಕೇಳುತ್ತಿದ್ದರು. ಸ್ಕೂಲಿಗೆ ಹೋಗಲ್ಲ ಅನ್ನೋ ಮಗುವಿನ ಹಾಗೋ, ನೀರು ಕಂಡ ಎತ್ತಿನ ಹಾಗೋ? ನಾನು ಯೋಚಿಸಿ ಹೇಳಿದೆ: "ನಮ್ಮತ್ತೆ ಯಾರದ್ದಾದ್ರೂ ಮನೆಯಿಂದ ಹೊರಡುವ ಹಾಗೆ ಡಾಕ್ಟ್ರೇ. ಬರ್ತೀನಿ ಅಂತ ಎದ್ದು, ಗೇಟಿನ ಹತ್ರ ಏನೋ ನೆನಪಾಗಿ ನಿಲ್ತಾರಲ್ಲ, ಹಾಗೆ." ಡಾಕ್ಟರಿಗೆ ಎಷ್ಟು ಸಂತೋಷವಾಯಿತೆಂದರೆ ಕಾರನ್ನು ಪಕ್ಕಕ್ಕೆ ನಿಲ್ಲಿಸಿ ನನ್ನನ್ನೇ ನೋಡಿದರು. ಇಷ್ಟು ಸ್ಪಷ್ಟವಾದ ಲಕ್ಷಣವನ್ನು ಯಾವ ರೋಗಿಯೂ ಹೇಳಿರಲಿಲ್ಲವಂತೆ. ನಮ್ಮ ಅತ್ತೆಯ ನಿದ್ದೆ, ಬಾಯಾರಿಕೆ, ಸಿಟ್ಟುಗಳ ಬಗ್ಗೆ ವಿವರವಾಗಿ ವಿಚಾರಿಸಿದರು.

ವಾಪಸು ಬರುವಾಗ ಅವರು ರಸ್ತೆ ನೋಡುತ್ತಲೇ ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. "ನೀವು ಬೇಜಾರು ಮಾಡ್ಕೋಬೇಡಿ. ಈ ಸೀಟು ನಿಮ್ಮದಲ್ಲ, ಪರೀಕ್ಷೆಗೆ ಅಷ್ಟೇ. ಅವಳು ಕೂರಲ್ಲ ಅಂದ್ರೆ ನಂಗೆ ಈ ಕಾರೇ ಬೇಡಮ್ಮ. ಕಣ್ಣೂ ಮೊದಲಿನ ಹಾಗಿಲ್ಲ. ಅವಳನ್ನ ಕೂರಿಸ್ಕೊಂಡು ಭದ್ರಾವತಿಗೆ ಒಂದು ಸಲ ನೆಟ್ಟಗೆ ಹೋಗಿಬಂದ್ರೆ ಸಾಕು."

ನಾನು ಕರಿಬೇವು ಮರೆತು ಬಂದೆ.

ಚಿಕಿತ್ಸೆಯ ಎರಡನೇ ನಿಯಮ, ಒಂದು ಸಲಕ್ಕೆ ಒಂದೇ ಮದ್ದು. ಸ್ಪಾರ್ಕ್ ಪ್ಲಗ್ ಬದಲಿಸಿದರೆ ಹದಿನೈದು ದಿನ ಬೇರೆ ಏನೂ ಮುಟ್ಟುವಂತಿಲ್ಲ. ಆಮೇಲೆ ಪೆಟ್ರೋಲ್ ಫಿಲ್ಟರ್. ಮತ್ತೆ ಹದಿನೈದು ದಿನ. ಈ ನಡುವೆ ಅಕ್ಕ ಬಸ್ಸಿನಲ್ಲೇ. ಕೊನೆಗೆ ತಂಗಿಯ ಮನೆಯ ಹಿಂದಿನ ಗಲ್ಲಿಯ ಮೆಕ್ಯಾನಿಕ್ಕಿಗೆ ತೋರಿಸಿದರು. ಅವನ ಪದ್ಧತಿ ತದ್ವಿರುದ್ಧ. ಇಂಥದ್ದೇ ದೋಷ ಎಂದು ಅವನಿಗೂ ಗೊತ್ತಿರಲಿಲ್ಲ. ಪೆಟ್ರೋಲಿನಲ್ಲಿ ನೀರಿದೆ ಎಂದ, ವೈರು ಸುಟ್ಟಿದೆ ಎಂದ, ಟೈರಿನ ಗಾಳಿ ಎಂದ, ಸೈಲೆನ್ಸರಿಗೆ ಎರಡು ಒದ್ದ. ಎಲ್ಲವನ್ನೂ ಒಂದೇ ದಿನ ಬಿಚ್ಚುತ್ತೇನೆ ಎಂದ. ಡಾಕ್ಟರು ಬೆವರಿಬಿಟ್ಟರು.

ಅವನು ಹೇಳಿದ ಹತ್ತಾರು ಮಾತುಗಳಲ್ಲಿ ಇದೂ ಒಂದು: ಗಾಳಿಗೆ ಪೆಟ್ರೋಲು ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬೋರೇಟರಿನ ತಲೆಯ ಮೇಲೆ ಗಿಂಡಿಯ ಹಾಗಿರುವ ಎರಡು ಪುಟ್ಟ ಡಬ್ಬಿಗಳಿವೆ, ಎರಡೂ ಒಣಗಿವೆ. "ಇದರೊಳಗೆ ಎಣ್ಣೆ ಇದ್ರೆ ಪಿಸ್ಟನ್ನು ನಿಧಾನಕ್ಕೆ ಏಳುತ್ತೆ ಸಾರ್. ಒಣಗಿದ್ರೆ ಸಟ್ಟಂತ ಹಾರುತ್ತೆ, ಗಾಳಿ ಜಾಸ್ತಿ ನುಗ್ಗುತ್ತೆ, ಪೆಟ್ರೋಲ್ ಸಾಲಲ್ಲ. ತುಂಬ ಹಾಕಿಬಿಡ್ತೀನಿ." ಡಾಕ್ಟರು ಅವನ ಕೈ ಹಿಡಿದು ತಡೆದರು. ಇದನ್ನು ಬೇರೆ ಯಾವುದರ ಜೊತೆಗೂ ಬೆರೆಸಬಾರದು, ಮನೆಯಲ್ಲಿ ನಾನೇ ಹಾಕುತ್ತೇನೆ ಎಂದರು. ಬಸ್ಸಿನಲ್ಲಿ ಮೊದಲೇ ಬಂದು ತಂಗಿಯ ಹಿತ್ತಲಲ್ಲಿ ನಿಂತಿದ್ದ ಅಕ್ಕ ಇದನ್ನೆಲ್ಲ ಕೇಳಿಸಿಕೊಂಡಿದ್ದರು.

ಮನೆಗೆ ಬಂದು ಡಾಕ್ಟರು ಇಂಜಿನ್ ಆಯಿಲ್ ತರಿಸಿ, ಜೇಬಿನ ಡ್ರಾಪರು ತೆಗೆದು, ಒಂದೊಂದು ಡಬ್ಬಿಗೆ ನಾಲ್ಕು ಹನಿ ಹಾಕಿದರು. ಇಷ್ಟು ವರ್ಷ ಒಣಗಿದ್ದಕ್ಕೆ ಒಮ್ಮೆಲೇ ಸುರಿದರೆ ಗಾಬರಿಯಾಗುತ್ತದೆ ಎಂದು ನನಗೆ ವಿವರಿಸಿದರು. ಹದಿನೈದು ದಿನ ಕಾದರು. ಸ್ವಲ್ಪ ಸುಧಾರಿಸಿದ ಹಾಗಿದೆ, ಅಲ್ಲವೇನಮ್ಮಾ, ಎಂದು ಕೇಳಿದರು. ನಾನು ಹೌದೆಂದೂ ಅಲ್ಲವೆಂದೂ ಆಗುವ ಹಾಗೆ ತಲೆಯಾಡಿಸಿದೆ. ಮತ್ತೆ ನಾಲ್ಕು ಹನಿ. ಆಗ ನಾನು ಅಕ್ಕನ ಮುಖ ನೋಡಿದ್ದೆ. ಹೊಸ್ತಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದರು. ಕಲ್ಲೊಂದನ್ನು ಹೆಕ್ಕಿ ಅಂಗಳಕ್ಕೆ ಎಸೆದರು. ಮುಂದಿನ ಕೋಣೆಯಲ್ಲಿ ರೋಗಿಗಳು ಕಾಯುತ್ತಾ ಕೂತಿರುವ ಮನೆ ಅದು. ಡಾಕ್ಟರ ಅಳತೆ ತಪ್ಪು ಎಂದು ಹೆಂಡತಿಯೇ ಹೇಳಿದರೆ ಅವರೆಲ್ಲ ಎದ್ದು ಎಲ್ಲಿಗೆ ಹೋಗಬೇಕು? ಮದುವೆಯಾದಂದಿನಿಂದ ಆ ಒಂದು ಮಾತನ್ನು ಅಕ್ಕ ಆಡಿದವರಲ್ಲ.

ಹೀಗೇ ಆಯುಧಪೂಜೆ ಬಂತು. ಹಬ್ಬದ ಮುನ್ನಾದಿನವೇ ಡಾಕ್ಟರು ಹೊಸ ಕಟ್ಟಳೆ ಹೊರಡಿಸಿದರು. ಕಾರಿಗೆ ಕರ್ಪೂರದ ಆರತಿ ಎತ್ತುವಂತಿಲ್ಲ. ಕರ್ಪೂರದ ವಾಸನೆ ಸೋಕಿದರೆ ಕೊಟ್ಟ ಮದ್ದು ಸತ್ತುಹೋಗುತ್ತದೆ. ಹೋದ ವರ್ಷದ ಆರತಿಯಿಂದಲೇ ಕಾಯಿಲೆ ಹಿಡಿದುಕೊಂಡಿದ್ದರೂ ಇರಬಹುದು. ಬೇಕಾದರೆ ತುಪ್ಪದ ಬತ್ತಿ ಬೆಳಗಿ ಎಂದರು. ಇಡೀ ಶಿವಮೊಗ್ಗದಲ್ಲಿ ಆ ದಿನ ಪಥ್ಯದಲ್ಲಿದ್ದ ವಾಹನ ಅದೊಂದೇ ಇರಬೇಕು.

ಬೆಳಿಗ್ಗೆ ಕಾರು ತೊಳೆದು, ಬಾನೆಟ್ಟು ಎತ್ತಿ, ಡಬ್ಬಿಗಳ ಮುಚ್ಚಳ ತಿರುಗಿಸಿ, ಹಬ್ಬದ ನಾಲ್ಕು ಹನಿ ಹಾಕಿ, ಡಾಕ್ಟರು ಸ್ನಾನಕ್ಕೆ ಹೋದರು. ನಾನು ಚೆಂಡುಹೂವಿನ ಹಾರ ಹಿಡಿದು ನಿಂತಿದ್ದೆ. ಅಕ್ಕ ಅರಿಶಿನ ಕುಂಕುಮದ ಬಟ್ಟಲು ಹಿಡಿದು ಇಂಜಿನ್ನಿನ ಮುಂದೆ ಬಂದು, ಬಗ್ಗಿ, ಆ ಡಬ್ಬಿಗಳೊಳಗೆ ನೋಡಿದರು. ಬಹಳ ಹೊತ್ತು ನೋಡಿದರು. "ಹಬ್ಬದ ದಿನ ಒಣಗಿಸಿ ಇಡೋದಾ" ಎಂದು ಯಾರಿಗೂ ಅಲ್ಲದ ಹಾಗೆ ಅಂದು, ಬಟ್ಟಲು ನನ್ನ ಕೈಗೆ ಕೊಟ್ಟು, ಪಕ್ಕದಲ್ಲಿದ್ದ ಆಯಿಲ್ ಡಬ್ಬ ಎತ್ತಿಕೊಂಡು, ಒಗ್ಗರಣೆಗೆ ಎಣ್ಣೆ ಬಿಡುವವರ ಧೈರ್ಯದಲ್ಲಿ ಎರಡಕ್ಕೂ ಕಂಠದವರೆಗೆ ಹುಯ್ದರು. ಮುಚ್ಚಳ ತಿರುಗಿಸಿದರು. ಸೆರಗಿನ ತುದಿಯಿಂದ ಒರೆಸಿದರು. ಇಷ್ಟಾಯಿತಲ್ಲ, ಅದೂ ಆಗಲಿ ಎಂದುಕೊಂಡರೋ ಏನೋ, ಸೊಂಟದಿಂದ ಕರ್ಪೂರ ತೆಗೆದು ಹಚ್ಚಿ ಮೂರು ಸುತ್ತು ಬೆಳಗಿ, ಹೊಗೆ ಹೋಗಲೆಂದು ನನ್ನ ಕೈಲಿ ಮೊರ ಬೀಸಿಸಿದರು.

ಡಾಕ್ಟರು ಮಡಿ ಪಂಚೆಯಲ್ಲಿ ಬಂದು, ತುಪ್ಪದ ಬತ್ತಿ ಬೆಳಗಿ, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟು, ಕಾರು ಹತ್ತಿದರು. ಅವರಿಗೆ ಆ ತಡವರಿಕೆ ಎಷ್ಟು ರೂಢಿಯಾಗಿತ್ತೆಂದರೆ, ಅದನ್ನು ಲೆಕ್ಕಕ್ಕೆ ಹಿಡಿದೇ ಮೊದಲೇ ಜೋರಾಗಿ ತುಳಿದು, ಎದೆ ಮುಂದೆ ಮಾಡಿ ಕಾಯುತ್ತಿದ್ದರು. ಈ ಸಲ ಕಾಯುವುದಕ್ಕೆ ಏನೂ ಇರಲಿಲ್ಲ. ಕಾರು ನಿಂಬೆಹಣ್ಣು ಅರೆದು, ಹಾರ ಹರಿದು, ಗೇಟು ದಾಟಿ, ಎದುರು ಮನೆಯ ರಂಗೋಲಿಯ ಮೇಲೆ ಹೋಗಿ ನಿಂತಿತು. ಎದುರು ಮನೆಯವರು ತಮ್ಮ ಸ್ಕೂಟರಿಗೆ ಎತ್ತಿದ್ದ ಆರತಿಯನ್ನು ಹಾಗೇ ಹಿಡಿದುಕೊಂಡು ನೋಡಿದರು. ಡಾಕ್ಟರು ಸ್ಟಿಯರಿಂಗನ್ನೇ ನೋಡುತ್ತಿದ್ದರು. ಆಮೇಲೆ ಅಡ್ಡರಸ್ತೆಯಲ್ಲಿ ಒಂದು ಸುತ್ತು, ಮತ್ತೊಂದು ಸುತ್ತು ಹಾಕಿ ಬಂದು, ಇಂಜಿನ್ನು ಆರಿಸದೆ, ಅಕ್ಕನ ಕಡೆ ನೋಡಿದರು. ಎಡ ಸೀಟಿನ ಮೇಲೆ ಬಿದ್ದಿದ್ದ ಹೂವಿನ ಎಸಳು ಕೊಡವಿದರು.

ಅಕ್ಕ ಉಟ್ಟ ಸೀರೆಯಲ್ಲೇ ಹೋಗಿ ಎಡ ಸೀಟಿನಲ್ಲಿ ಕೂತರು. ಇಬ್ಬರೂ ಭದ್ರಾವತಿಯ ಕಡೆ ಹೊರಟುಹೋದರು. ಒಲೆಯ ಮೇಲಿದ್ದ ಬೇಳೆಯನ್ನು ಇಳಿಸಿ, ಗ್ಯಾಸು ಆರಿಸಿ, ಬಾಗಿಲು ಎಳೆದುಕೊಂಡು, ಕಾಯುತ್ತಿದ್ದ ಇಬ್ಬರು ರೋಗಿಗಳನ್ನು ನಾಳೆ ಬನ್ನಿ ಎಂದು ಕಳಿಸಿದವಳು ನಾನು.

ಆಮೇಲೆ ಒಂದೇ ಸಲಕ್ಕೆ ಸಾಕು ಎಂದಿದ್ದನ್ನು ಡಾಕ್ಟರು ಮರೆತೇಬಿಟ್ಟರು. ವಾರಕ್ಕೊಮ್ಮೆ ಜೋಡಿಯಾಗಿ ಹೋಗಿಬರುತ್ತಿದ್ದರು. ಗುಣ ಕಾಣಲಿಲ್ಲ ಎಂದು ಗೊಣಗುವ ರೋಗಿಗಳಿಗೆ ಕಾರು ತೋರಿಸಿ, ಇದಕ್ಕೆ ಎಷ್ಟು ತಿಂಗಳು ಹಿಡಿಯಿತು ಕೇಳಿ ನೋಡಿ ಎನ್ನುತ್ತಿದ್ದರು. ನಾಲ್ಕು ಹನಿಯಲ್ಲಿ ಇಂಗ್ಲೆಂಡಿನ ಕಾರು ಗುಣವಾದ ಸುದ್ದಿ ಹಬ್ಬಿ ಕ್ಲಿನಿಕ್ಕಿಗೆ ಜನ ಜಾಸ್ತಿಯಾದರು. ಒಬ್ಬರು ನೀರು ಎತ್ತದ ಪಂಪ್‌ಸೆಟ್ಟನ್ನೇ ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಬಂದಿದ್ದರು. ಡಾಕ್ಟರು ಅದರ ಕೇಸು ತೆಗೆದುಕೊಳ್ಳಲಿಲ್ಲ, ಆದರೆ ತಂದವರಿಗೆ ನಿದ್ದೆ ಹೇಗಿದೆ ಎಂದು ಕೇಳಿದರು. ಅಕ್ಕನೂ ನಾನೂ ಬಾಯಿ ಬಿಡಲಿಲ್ಲ. ಪಾಪ, ಅವರಿಗೆ ಗೊತ್ತಾಗಲೇ ಇಲ್ಲ ಎಂದೇ ನಾನು ಇವತ್ತಿನವರೆಗೆ ತಿಳಿದಿದ್ದೆ.

ಇವತ್ತು ಬೋರ್ಡು ಇಳಿಸಿ ನಮ್ಮವರು ಮನೆಗೆ ಹೋದ ಮೇಲೆ ಅಕ್ಕ ಅವರೆಕಾಯಿಯ ಬುಟ್ಟಿ ತಂದರು. ಅವರು ಈಗ ತರಕಾರಿ ಬಿಡಿಸುವುದು ಕಾರಿನಲ್ಲಿ ಕೂತು. ಸೊಂಟಕ್ಕೆ ಆ ಸೀಟು ಹಿತವಾಗಿದೆಯಂತೆ. ಎಡ ಸೀಟಿನಲ್ಲಿ ಅವರು ಕೂತರು, ಡಾಕ್ಟರ ಸೀಟಿನಲ್ಲಿ ಬುಟ್ಟಿ. ನಾನು ಪಕ್ಕದಲ್ಲಿ ಮಣೆ ಹಾಕಿಕೊಂಡೆ. ಕಾಯಿ ಸುಲಿಯುತ್ತಾ, ಡಾಕ್ಟರು ಕೊನೆಯವರೆಗೂ ನಾಲ್ಕು ಹನಿಯಲ್ಲೇ ಆಯಿತು ಅಂದುಕೊಂಡಿದ್ದರಲ್ಲ ಅಕ್ಕ, ಎಂದು ನಾನೇ ಮಾತು ತೆಗೆದೆ.

ಅಕ್ಕ ನಕ್ಕರು. "ಅವರಿಗೆ ಆವತ್ತೇ ಗೊತ್ತಾಗಿತ್ತು ಮಾರಾಯ್ತಿ. ಊರು ದಾಟಿದ ಮೇಲೆ, ಎಷ್ಟು ಹಾಕಿದೆ ಅಂದ್ರು. ತುಂಬ ಹಾಕಿದೆ ಅಂದೆ. ಭದ್ರಾ ಸೇತುವೆ ಹತ್ರ ಬಂದಾಗ, ಕರ್ಪೂರನೂ ಹಚ್ಚಿದ್ಯಾ ಅಂದ್ರು. ಹಚ್ಚಿದೆ ಅಂದೆ."

ಮತ್ತೆ ಎಣ್ಣೆ ಕಡಿಮೆಯಾದಾಗ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. ಎಣ್ಣೆ ಇಳಿದ ಹಾಗೆ ಅನ್ನಿಸಿದಾಗ ಡಾಕ್ಟರು ತಾವಾಗಿಯೇ ಬಾನೆಟ್ಟು ಎತ್ತಿ, ಮುಚ್ಚಳ ಬಿಚ್ಚಿ, ನಾಲ್ಕು ಹನಿ ಹಾಕಿ, ನಾನು ಸ್ನಾನಕ್ಕೆ ಹೋಗ್ತೀನಿ ಎಂದು ಎರಡು ಸಲ ಗಟ್ಟಿಯಾಗಿ ಹೇಳಿ ಒಳಗೆ ಹೋಗುತ್ತಿದ್ದರಂತೆ. ಒಮ್ಮೊಮ್ಮೆ ಅದು ಆ ದಿನದ ಎರಡನೇ ಸ್ನಾನವೂ ಆಗಿರುತ್ತಿತ್ತು. ಅಕ್ಕ ಹುಯ್ದು ಮುಗಿಸಿ ಡಬ್ಬವನ್ನು ಸದ್ದಾಗುವ ಹಾಗೆ ಕೆಳಗಿಟ್ಟ ಮೇಲೆಯೇ ಬಚ್ಚಲ ಬಾಗಿಲು ತೆರೆಯುತ್ತಿತ್ತಂತೆ.

ನಾನು ನಗುವುದನ್ನು ನಿಲ್ಲಿಸಿ, ಸೇತುವೆ ದಾಟಿದ ಮೇಲೆ ಏನಂದರು ಎಂದು ಕೇಳಿದೆ.

ಅಕ್ಕ ಕೈಯಲ್ಲಿದ್ದ ಕಾಯಿಯ ನಾರು ತೆಗೆಯುತ್ತಾ ಹೇಳಿದರು: "ಏನಿಲ್ಲ. ಕಾಲು ಚಾಚೋಕೆ ಜಾಗ ಸಾಕಾ ಅಂದ್ರು. ಸಾಕು ಅಂದೆ."

ಸಂಜೆ ಅವರನ್ನು ನಮ್ಮಲ್ಲಿಗೇ ಊಟಕ್ಕೆ ಕರೆದುಕೊಂಡು ಬಂದೆ. ಅವರೆಕಾಳು ಸಾರು, ಅಕ್ಕಿರೊಟ್ಟಿ, ಮಜ್ಜಿಗೆ. ಅಕ್ಕ ಎರಡು ರೊಟ್ಟಿ ತಿಂದು, ಬೇಡ ಬೇಡ ಎನ್ನುತ್ತಾ ಇನ್ನೊಂದರ್ಧ ಹಾಕಿಸಿಕೊಂಡರು. ನಮ್ಮವರು ಸಾರಿಗೆ ಉಪ್ಪು ಮುಂದಾಗಿದೆ ಎಂದರು, ಆದರೂ ಬಡಿಸಿಕೊಂಡರು. ನಾನು ಹಿಟ್ಟು ರುಬ್ಬಿ, ಪಾತ್ರೆ ತೊಳೆದಿಟ್ಟು ಹಾಲ್‌ಗೆ ಬರುವಷ್ಟರಲ್ಲಿ ಅತ್ತೆ ತುಟಿಯ ಮೇಲೆ ಬೆರಳಿಟ್ಟುಕೊಂಡು ಕೂತಿದ್ದರು. ಗೋಡೆಗೆ ಒರಗಿ ಕಾಲು ಚಾಚಿಕೊಂಡು ಮಾತಾಡುತ್ತಿದ್ದ ಅಕ್ಕ, ಮಾತಿನ ನಡುವೆಯೇ ಎಲ್ಲರಿಗಿಂತ ಮೊದಲು ನಿದ್ದೆ ಹೋಗಿದ್ದರು.